ಕೂಸಿಗೆ ಸರಿ ಸಿಗದ ಹನ್ನೊಂದು ದಿನ

ನನ್ನ ಡೈರಿಯ ಪ್ರಕಾರ, ಮಗುವನ್ನು ನೋಡಿಕೊಳ್ಳಲು ಜೊತೆಗೆ ಬಂದಿದ್ದ ಆಯಾ ಶಿಕಾರಿಪುರದಿಂದ ಮೈಸೂರಿಗೆ ಹೊರಟದ್ದು ಸೋಮವಾರ. ಅದು ತಪ್ಪು. ಆಕೆ ಮನೆ ಸೇರಿದ ಸುದ್ದಿ ತಿಳಿಸಿ ನಮ್ಮ ಯಜಮಾನರು ಬರೆದ ಕಾರ್ಡಿನಲ್ಲಿ ‘ನಿನ್ನೆ ಬುಧವಾರ ಸಂಜೆ ಬಂದಳು’ ಎಂದಿದೆ. ಅಂಚೆಯ ಮುದ್ರೆಯೂ ಗುರುವಾರದ್ದೇ. ಶಿವಮೊಗ್ಗದಲ್ಲಿ ಒಂದು ರಾತ್ರಿ ತಂಗಿದ್ದಳೆಂದು ಲೆಕ್ಕಕ್ಕೆ ಹಿಡಿದರೂ ಆಕೆ ನನ್ನನ್ನು ಬಿಟ್ಟು ಹೊರಟದ್ದು ಮಂಗಳವಾರ ಬೆಳಿಗ್ಗೆ ಎಂದಾಗುತ್ತದೆ. ವರ್ಷದ ವಿಷಯದಲ್ಲಿ ಅನುಮಾನಕ್ಕೆ ಆಸ್ಪದವಿಲ್ಲ. ಡೈರಿಯ ರಟ್ಟು ಹರಿದುಹೋಗಿದೆಯಾದರೂ ಮಗಳ ಜನನ ಪತ್ರ ಕೈಯಲ್ಲಿದೆ. ಆಗ ಅವಳಿಗೆ ಎಂಟು ತಿಂಗಳು, ಆದ್ದರಿಂದ ಅದು 1958ರ ಬೇಸಿಗೆಯ ಆರಂಭ. ಅಲ್ಲಿನ ಹೋಟೆಲಿನ ದರದ ಹಲಗೆಯ ಮೇಲೆ ಆಣೆಗಳನ್ನು ಒದ್ದೆ ಬಟ್ಟೆಯಿಂದ ಅರ್ಧಂಬರ್ಧ ಒರೆಸಿ ನಯಾಪೈಸೆ ಬರೆದಿದ್ದರೆಂಬ ನನ್ನ ನೆನಪೂ ಅದಕ್ಕೆ ಹೊಂದುತ್ತದೆ.

ಒಂದು ದಿನದ ಈ ವ್ಯತ್ಯಾಸದಿಂದ ಇಂದು ಯಾರಿಗೂ ನಷ್ಟವಿಲ್ಲ. ಆದರೆ ಆ ಮಂಗಳವಾರದಿಂದ ಮುಂದಿನ ಹನ್ನೊಂದು ದಿನಗಳಲ್ಲಿ ನಾನು ತುಂಬಿಸಿದ ಪದಚೀಟಿಗಳ ಸಂಖ್ಯೆ ನಾಚಿಕೆಗೇಡಿನಷ್ಟು ಕಡಿಮೆ. ಅದಕ್ಕೆ ಕಾರಣವೇನೆಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ. ಕಾರಣ ಇಷ್ಟೇ: ಆ ಹನ್ನೊಂದು ದಿನವೂ ನಾನು ಎಂಟು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊತ್ತು ಹೊತ್ತಿಗೆ ಹೋಟೆಲಿನಲ್ಲಿ ಊಟ ಮಾಡಬೇಕಾಗಿತ್ತು.

ತಾಲ್ಲೂಕುಗಳ ಆಡುಮಾತನ್ನು ಸಂಗ್ರಹಿಸುವ ಯೋಜನೆಯೊಂದರಲ್ಲಿ ನಾನಾಗ ತಾತ್ಕಾಲಿಕ ಸಹಾಯಕಿ. ಶಿಕಾರಿಪುರ ಮತ್ತು ಸೊರಬ ನನ್ನ ಪಾಲಿಗೆ ಬಂದಿದ್ದವು. ಅಚ್ಚು ಹಾಕಿದ ಪ್ರಶ್ನಾವಳಿಯೊಂದನ್ನು ಕೊಟ್ಟಿದ್ದರು. ಬೇಸಾಯದ ಸಾಮಾನು, ದನಕರು, ಅಳತೆ, ನೆಂಟಸ್ತಿಕೆ, ಅಡಿಗೆಮನೆ, ಕೊನೆಯಲ್ಲಿ ಹಸುಗೂಸಿನ ಆರೈಕೆ. ಒಂದು ಪದಕ್ಕೆ ಒಂದು ಚೀಟಿ. ಮೇಲೆ ಪದ, ಕೆಳಗೆ ಅರ್ಥ, ಎಡಗಡೆ ಹೇಳಿದವರ ಕಸುಬು ಮತ್ತು ವಯಸ್ಸು, ಬಲಗಡೆ ಊರು ಮತ್ತು ದಿನ. ಸಂಬಂಧವಿಲ್ಲದ ಇಬ್ಬರು ಬೇರೆ ಬೇರೆಯಾಗಿ ಹೇಳಿದ ಹೊರತು ಪದವನ್ನು ಸ್ವೀಕರಿಸುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಪದವನ್ನು ನಾವು ಮೊದಲು ಉಚ್ಚರಿಸಕೂಡದು. ‘ಇದಕ್ಕೆ ಕುಂಟೆ ಅನ್ನುತ್ತೀರಾ?’ ಎಂದು ಕೇಳಿದರೆ ಮರ್ಯಾದಸ್ಥ ಒಕ್ಕಲಿಗ ಹೌದೆಂದುಬಿಡುತ್ತಾನೆ. ವಸ್ತುವನ್ನು ತೋರಿಸಬೇಕು, ಇಲ್ಲವೇ ವರ್ಣಿಸಬೇಕು, ಆಮೇಲೆ ಬಾಯಿ ಮುಚ್ಚಿ ಕಾಯಬೇಕು. ಹೊಸಬರು ಇದನ್ನು ಮರೆತಾಗಲೆಲ್ಲ ಮೈಸೂರಿನ ಕಚೇರಿಯಲ್ಲಿದ್ದ ನಮ್ಮ ಮೇಲ್ವಿಚಾರಕರು ಚೀಟಿಯನ್ನು ಎರಡಾಗಿ ಹರಿದು ಲಕೋಟೆಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದರು. ನನ್ನದೊಂದೂ ಹಾಗೆ ಹಿಂದಿರುಗಿರಲಿಲ್ಲವೆಂಬ ಜಂಬ ನನಗಿತ್ತು.

ಇನ್ನೊಂದು ನಿಯಮವೂ ಇತ್ತು. ಕ್ಷೇತ್ರಕಾರ್ಯಕ್ಕೆ ಹೋಗುವವರು ಪರಿವಾರವನ್ನು ಜೊತೆಗೆ ಕರೆದೊಯ್ಯಕೂಡದು. ಗಂಡಸರು ಹೆಂಡತಿ ಮಕ್ಕಳೊಡನೆ ಜಾತ್ರೆ ತೀರ್ಥ ಸುತ್ತಿ ಬರುತ್ತಾರೆಂದು ಮಾಡಿದ ನಿಯಮವದು. ನನಗೆ ಮಗುವಿದೆಯೆಂದು ಕಚೇರಿಗೆ ತಿಳಿದಿತ್ತು. ಅದು ನನ್ನ ಜೊತೆಯಲ್ಲೇ ಹೊರಟಿದೆಯೆಂದು ನಾನು ತಿಳಿಸಲಿಲ್ಲ. ತಿಳಿಸಿದ್ದರೆ ಕಳಿಸುತ್ತಿರಲಿಲ್ಲ. ನೇಮಕ ಮುಂದುವರಿಯುವುದು ಈ ಎರಡು ತಾಲ್ಲೂಕುಗಳ ಕೆಲಸ ಹೇಗಾಯಿತೆಂಬುದರ ಮೇಲೆ ನಿಂತಿತ್ತು. ಆಯಾ ಜೊತೆಗಿರುತ್ತಾಳೆ, ಯಾವ ತೊಂದರೆಯೂ ಆಗದು ಎಂದು ನಾನೇ ನಂಬಿದ್ದೆ. ಆಕೆಗೆ ಮೂರನೆಯ ದಿನ ಚಳಿಜ್ವರ ಬಂತು.

ಉಳಿದುಕೊಳ್ಳಲು ಸಿಕ್ಕಿದ್ದು ಒಬ್ಬ ದವಸದ ವ್ಯಾಪಾರಿಯ ಉಗ್ರಾಣದ ಮಹಡಿಯ ಕೋಣೆ. ಕೆಳಗೆ ಛಾವಣಿಯವರೆಗೆ ಗೋಣಿಚೀಲಗಳು. ಬಾಡಿಗೆಗಿಂತ ಮೊದಲು ಮಾಲೀಕರು ಹೇಳಿದ ಷರತ್ತು, ಮೇಲೆ ಒಲೆ ಹಚ್ಚಕೂಡದು, ಸ್ಟೌವನ್ನಂತೂ ತರಲೇಕೂಡದು ಎಂಬುದು. ಅವರ ಭಯ ನ್ಯಾಯವಾದುದೇ. ಮೈಸೂರಿನಿಂದ ನನ್ನ ತಾಯಿ ರಾಗಿಯನ್ನು ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿ ತುಂಬಿ ಕಳಿಸಿದ್ದರು. ಮಗುವಿಗೆ ಎರಡು ತಿಂಗಳಿಗಾಗುವಷ್ಟು ಆಹಾರ ನನ್ನ ಹಾಸಿಗೆಯ ಪಕ್ಕದಲ್ಲಿತ್ತು. ಅದನ್ನು ಕಾಸಲು ಒಂದು ಹಿಡಿ ಬೆಂಕಿ ಮಾತ್ರ ನನ್ನಲ್ಲಿರಲಿಲ್ಲ.

ಬಸ್ ನಿಲ್ಲುವಲ್ಲಿಂದ ಕೂಗಳತೆಯಲ್ಲಿ ಊರಿನ ವ್ಯಾಪಾರಸ್ಥ ಮನೆತನದವರೊಬ್ಬರು ನಡೆಸುತ್ತಿದ್ದ ಹೋಟೆಲಿತ್ತು. ಹಿಂಬದಿಯಲ್ಲಿ ಹಲಗೆಯಿಂದ ಮರೆಮಾಡಿ, ಹಸಿರು ಪರದೆ ಕಟ್ಟಿ, ಮೇಲೆ ‘ಫ್ಯಾಮಿಲಿ ರೂಮ್’ ಎಂದು ಬರೆಸಿದ್ದರು. ಅಲ್ಲಿಗೆ ಹೋಗಿ ಕುಳಿತ ಮೊದಲ ಮಧ್ಯಾಹ್ನವೇ ನನಗೂ ಸಪ್ಲೈಯರಿಗೂ ವಾದವಾಯಿತು. ಆತ ನಲವತ್ತರ ಆಸುಪಾಸಿನವನು, ಒಂದೇ ತೋಳಿನ ಮೇಲೆ ಐದು ತಟ್ಟೆ ಜೋಡಿಸಿಕೊಂಡು ಬರುತ್ತಿದ್ದ ನಿಪುಣ. ಪರದೆಯನ್ನು ಮೊಣಕೈಯಿಂದ ಸರಿಸಿ ನನ್ನನ್ನು ನೋಡಿ ನಿಂತ.

“ಇದು ಫ್ಯಾಮಿಲಿ ರೂಮು ಐತ್ರೀ.”

“ಗೊತ್ತು. ಅದಕ್ಕೇ ಕೂತಿದ್ದೇನೆ.”

“ಹಂಗಲ್ರೀ ಅಕ್ಕೋರೆ. ಫ್ಯಾಮಿಲಿ ಅಂದ್ರೆ ಯಜಮಾನ್ರು ಜೊತೀಗ್ ಇರ್ಬೇಕು. ಅವ್ರು ಬರೂತನಾ ಹೊರಗ್ ಕುತ್ಕಳ್ರಿ.”

“ನಮ್ಮ ಯಜಮಾನರು ಮೈಸೂರಿನಲ್ಲಿದ್ದಾರೆ. ಅವರನ್ನು ಕೇಳಿದರೆ ನನ್ನನ್ನೇ ಫ್ಯಾಮಿಲಿ ಅಂತ ಹೇಳುತ್ತಾರೆ.”

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಮಾಲೀಕರು ನಕ್ಕು, ಬಿಡಪ್ಪ, ಕೂಸಿನ ಸಂಗಡ ಬಂದಾರೆ, ಅರ್ಧ ಫ್ಯಾಮಿಲಿ ಆತು ಎಂದರು. ಅಂದಿನಿಂದ ಆ ಹೋಟೆಲಿನಲ್ಲಿ ನನ್ನ ಹೆಸರು ಅರ್ಧ ಫ್ಯಾಮಿಲಿ. ‘ಅರ್ಧ ಫ್ಯಾಮಿಲಿಗೆ ಒಂದು ಊಟ’ ಎಂದು ಸಪ್ಲೈಯರ್ ಒಳಗೆ ಕೂಗುವುದು ಹೊರಗೆ ಕುಳಿತ ಇಪ್ಪತ್ತು ಜನಕ್ಕೂ ಕೇಳುತ್ತಿತ್ತು.

ಕೂಸಿನ ಜೊತೆ ಹೋಟೆಲಿನಲ್ಲಿ ಉಣ್ಣುವುದಕ್ಕೆ ಒಂದು ಕ್ರಮವಿದೆ, ಅದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲು ಮೇಜಿನ ಮೇಲಿನ ನೀರಿನ ಲೋಟಗಳನ್ನು ಅದರ ಕೈಗೆಟುಕದ ಮೂಲೆಗೆ ತಳ್ಳಬೇಕು. ಮಗುವನ್ನು ಎಡ ತೊಡೆಯ ಮೇಲೆ, ಬೆನ್ನು ಮೇಜಿನ ಕಡೆಗಿರುವಂತೆ ಕೂರಿಸಿಕೊಳ್ಳಬೇಕು. ಸಾಂಬಾರು ಬರುವ ಮುನ್ನವೇ ಸೆರಗನ್ನು ಎರಡು ಸುತ್ತು ಸೊಂಟಕ್ಕೆ ಬಿಗಿಯಬೇಕು. ಇಷ್ಟೆಲ್ಲ ಮಾಡಿದರೂ ನನ್ನ ಮಗಳು ಹಸಿರು ಪರದೆಯನ್ನು ಹಿಡಿದೆಳೆದು, ಹೊರಗಿನವರಿಗೆಲ್ಲ ನನ್ನ ಊಟದ ಪ್ರದರ್ಶನ ಮಾಡಿಸುತ್ತಿದ್ದಳು. ಒಂದು ದಿನ ಇಡೀ ಪರದೆ ತಂತಿಯ ಸಮೇತ ಕಳಚಿ ಬಂತು. ಇನ್ನೊಂದು ದಿನ, ಬೆಳಗಿನ ಚೀಟಿಗಳನ್ನು ಮೇಜಿನ ಮೇಲಿಟ್ಟು ಸರಿಗೂಡಿಸುತ್ತಿದ್ದಾಗ, ಸಾಂಬಾರಿನ ಬಟ್ಟಲು ಅವುಗಳ ಮೇಲೆ ಮಗುಚಿತು. ಗಾಡಿಯ ಭಾಗಗಳ ಹೆಸರುಗಳು ಒಂದರೊಳಗೊಂದು ಕರಗಿ ಹಳದಿಯಾದವು. ಆ ಚೀಟಿಗಳನ್ನು ಮತ್ತೆ ಬರೆಯುವುದಕ್ಕೆ ಗಾಡಿ ಮಾಡುವ ಬಡಗಿಯ ಬಳಿಗೆ ಎರಡನೆಯ ಬಾರಿ ಹೋದೆ. ಮೊದಲು ಹೇಳಿದ್ದನ್ನು ನಾನು ನಂಬಲಿಲ್ಲವೆಂದು ತಿಳಿದು ಆತ ಮುಖ ತಿರುಗಿಸಿಕೊಂಡು ಉತ್ತರ ಕೊಟ್ಟ.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಮಗು ಉಣ್ಣದೆ ಹೋದದ್ದು. ಎದೆಹಾಲು ಆ ಹೊತ್ತಿಗೆ ಬಹುಮಟ್ಟಿಗೆ ನಿಂತಿತ್ತು. ಅದಕ್ಕೆ ಬೇಕಾಗಿದ್ದುದು ಮೈಸೂರಿನಲ್ಲಿ ದಿನಕ್ಕೆ ಮೂರು ಹೊತ್ತು ಚಪ್ಪರಿಸಿ ತಿನ್ನುತ್ತಿದ್ದ ರಾಗಿಯ ಸರಿ.

ಹಳೆ ಮೈಸೂರಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಡೆ ಹಲ್ಲು ಬಾರದ ಮಗುವಿಗೆ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ, ಹಾಲು ಬೆರೆಸಿ, ಗಂಟಾಗದಂತೆ ಒಲೆಯ ಮೇಲೆ ತಿರುವಿ ಕೊಡುವ ಆಹಾರಕ್ಕೆ ಸರಿ ಎಂದೇ ಹೆಸರು. ಬೇರೆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಬೇರೆ ಹೆಸರಿರಬಹುದೆಂದು ತೋಚಲೂ ಇಲ್ಲ. ಎಂತಹ ಕೆಲಸಕ್ಕಾಗಿ ಅಲ್ಲಿಗೆ ಹೋಗಿದ್ದೆನೆಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲ ದಿನ ಸಪ್ಲೈಯರನ್ನು ಕರೆದು ಮಗುವಿಗೆ ಸ್ವಲ್ಪ ಸರಿ ಬೇಕಾಗಿತ್ತು ಎಂದೆ. ಆತ ಮಗುವನ್ನೂ ನನ್ನನ್ನೂ ನೋಡಿ, ಸರಿ ರೀ ಎಂದು ಹೋದ. ಅರ್ಧ ಗಂಟೆ ಕಾದೆ. ಮಗು ಅಳತೊಡಗಿತು. ಮತ್ತೆ ಕರೆದು, ಸರಿ ಆಯಿತೇ ಎಂದು ಕೇಳಿದೆ. ಎಲ್ಲಾ ಸರಿ ಐತ್ರೀ ಎಂದು ಪಾಪ ಆತ ಸಂತೋಷದಿಂದ ತಲೆಯಾಡಿಸಿ ತಟ್ಟೆಯನ್ನು ಎತ್ತಿಕೊಂಡು ಹೋದ. ಮಾಡುವುದಕ್ಕೆ ಹಿಟ್ಟಿಲ್ಲವೇನೋ ಎಂದುಕೊಂಡು ಮರುದಿನ ಡಬ್ಬಿಯನ್ನೇ ಹೊತ್ತೊಯ್ದೆ. ಪ್ರಯಾಣದಲ್ಲಿ ಅದರ ಮುಚ್ಚಳ ತುಸು ನೆಗ್ಗಿತ್ತು. ಡಬ್ಬಿಯನ್ನು ಆತನ ಕೈಗೆ ಕೊಟ್ಟು ಸ್ಪಷ್ಟವಾಗಿ, ಒಂದೊಂದೇ ಪದವಾಗಿ ಹೇಳಿದೆ:

“ಇದನ್ನು ಒಳಗೆ ತೆಗೆದುಕೊಂಡು ಹೋಗಿ ಸರಿ ಮಾಡಿಸಿಕೊಂಡು ಬನ್ನಿ.”

ಆತ ಹೋದ. ಒಳಗಿನಿಂದ ಠಣ್ ಠಣ್ ಎಂದು ಬಡಿಯುವ ಸದ್ದು ಕೇಳಿಸಿತು. ಅಡಿಗೆಯವರು ಏನನ್ನೋ ಕುಟ್ಟುತ್ತಿದ್ದಾರೆಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಡಬ್ಬಿ ಹಿಂದಕ್ಕೆ ಬಂತು. ಹಿಟ್ಟು ಹಾಗೆಯೇ ಇತ್ತು. ಮುಚ್ಚಳದ ನೆಗ್ಗು ಹೋಗಿ, ಅದು ಕೈಯಿಟ್ಟರೆ ಜಾರುವಷ್ಟು ಸಮವಾಗಿ ಕುಳಿತಿತ್ತು.

“ಸರಿ ಆತ್ ನೋಡ್ರಿ,” ಎಂದ.

ನಾನು ಅದನ್ನು ಅಣಕವೆಂದು ತಿಳಿದೆ. ಅಷ್ಟು ಹೊತ್ತಿಗೆ ಮಗುವಿನ ಅಳು ಇಡೀ ಹೋಟೆಲನ್ನು ತುಂಬಿತ್ತು. ಹೊರಗಿನಿಂದ ಯಾರೋ ಕೂಸಿಗೆ ಏನಾದ್ರೂ ತಿನ್ಸಬಾರ್ದೇನ್ರೀ ಎಂದು ನನಗೇ ಬುದ್ಧಿ ಹೇಳಿದರು. ಇಲ್ಲಿ ಮನುಷ್ಯರ ಭಾಷೆ ಯಾರಿಗೂ ಅರ್ಥವಾಗುವುದಿಲ್ಲವೇ ಎಂದು ಸಪ್ಲೈಯರ್ ಮೇಲೆ ಕೂಗಾಡಿ, ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆತ ಡಬ್ಬಿಯ ಕಡೆಗೂ ನನ್ನ ಕಡೆಗೂ ನೋಡುತ್ತ ನಿಂತಿದ್ದ.

ಸಂಶೋಧಕರಿಗೆ ಒಂದು ಕಾಯಿಲೆಯಿದೆ: ತಮಗೆ ಅರ್ಥವಾಗದ್ದಕ್ಕೆಲ್ಲ ಕಾರಣವೊಂದನ್ನು ಹೊಂದಿಸಿಕೊಳ್ಳುವುದು. ಕೋಣೆಗೆ ಬಂದು ಯೋಚಿಸಿದೆ. ಮೂರು ಬಾರಿ ಕೇಳಿದರೂ ಹಿಟ್ಟನ್ನು ಮುಟ್ಟಲಿಲ್ಲ, ನಯವಾಗಿಯೇ ತಪ್ಪಿಸಿಕೊಂಡರು. ಅಂದಮೇಲೆ ಹೊರಗಿನವರ ಮನೆಯ ಧಾನ್ಯವನ್ನು ತಮ್ಮ ಒಲೆಯ ಮೇಲೇರಿಸಬಾರದೆಂಬ ನಿಷೇಧ ಇವರಲ್ಲಿರಬೇಕು. ವಾರದ ವರದಿಯಲ್ಲಿ ‘ಇತರ ಗಮನಿಕೆಗಳು’ ಎಂಬ ಅಂಕಣವಿತ್ತು. ಅದರಲ್ಲಿ, ಇಲ್ಲಿನ ಉಪಾಹಾರ ಗೃಹಗಳಲ್ಲಿ ಪ್ರಯಾಣಿಕರು ತಂದ ಹಿಟ್ಟನ್ನು ಬೇಯಿಸಿಕೊಡುವುದು ನಿಷಿದ್ಧವೆಂದು ತೋರುತ್ತದೆ ಎಂದು ಬರೆದು ಕಳಿಸಿದೆ. ಪ್ರಯಾಣಿಕಳು ನಾನೇ ಎಂಬುದನ್ನಾಗಲಿ, ಹಿಟ್ಟು ಯಾರಿಗಾಗಿ ಎಂಬುದನ್ನಾಗಲಿ ಬರೆಯಲಿಲ್ಲ.

ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಇಡ್ಲಿಯ ನಡುಭಾಗವನ್ನು ಹಾಲಿನಲ್ಲಿ ಕಲಸಿ ಕೊಟ್ಟೆ, ಉಗುಳಿದಳು. ಅನ್ನವನ್ನು ಹಿಸುಕಿ ಕೊಟ್ಟೆ, ವಾಂತಿ ಮಾಡಿಕೊಂಡಳು. ಬಾಳೆಹಣ್ಣು ಎರಡು ದಿನ ನಡೆಯಿತು, ಮೂರನೆಯ ದಿನ ಹೊಟ್ಟೆ ಕೆಟ್ಟಿತು. ಹನ್ನೊಂದನೆಯ ದಿನ, ಚೀಟಿಗಳಿಂದ ಲೆಕ್ಕ ಹಾಕಿದರೆ ಅದು ಶುಕ್ರವಾರ, ಸರ್ಕಾರಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ತಕ್ಕಡಿಯಲ್ಲಿ ಮಲಗಿಸಿ ತೂಗಿದರು. ಮೈಸೂರಿನಲ್ಲಿ ಬರೆದುಕೊಟ್ಟಿದ್ದ ತೂಕದ ಚೀಟಿಯನ್ನು ಕೇಳಿ ನೋಡಿ, ಒಂದು ಪೌಂಡು ಹತ್ತಿರ ಹತ್ತಿರ ಇಳಿದಿದೆಯಲ್ಲ ಎಂದರು. ನಾನು ಸೊರಬಕ್ಕೆ ಹೊರಟಿದ್ದೇನೆಂದು ತಿಳಿದಾಗ, ಅಲ್ಲಿನ ಆಸ್ಪತ್ರೆಯಲ್ಲಿ ಹತ್ತು ದಿನ ಬಿಟ್ಟು ಮತ್ತೆ ತೂಗಿಸಬೇಕೆಂದೂ, ಇನ್ನೂ ಇಳಿದಿದ್ದರೆ ಅದೇ ದಿನ ಕೆಲಸ ಬಿಟ್ಟು ಊರಿಗೆ ಹೋಗಬೇಕೆಂದೂ ಹೇಳಿದರು. ಧ್ವನಿ ಏರಿಸಲಿಲ್ಲ. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಸೊರಬದಲ್ಲಿ ಇಳಿದುಕೊಂಡದ್ದು ಒಂದು ಶಾಲೆಯ ಖಾಲಿ ಕೋಣೆಯಲ್ಲಿ. ಅಲ್ಲಿಯೂ ಬೆಂಕಿಗೆ ಅವಕಾಶವಿರಲಿಲ್ಲ. ಬಾಣಲೆಯಂತೆ ಕಾದ ತಗಡಿನ ಛಾವಣಿ, ಹಗಲಿಡೀ ಪಕ್ಕದ ಕೋಣೆಯಿಂದ ಮಗ್ಗಿ. ಎರಡನೆಯ ದಿನ ಎರಡು ಕಾಗದಗಳು ಒಟ್ಟಿಗೆ ಬಂದವು. ಯಜಮಾನರದು: ಮಗುವನ್ನು ಕರೆದುಕೊಂಡು ಕೂಡಲೇ ಹಿಂದಿರುಗಿ ಬಾ, ಕೆಲಸ ಇನ್ನೊಂದು ಸಿಗುತ್ತದೆ. ಮೇಲ್ವಿಚಾರಕರದು: ಶಿಕಾರಿಪುರದ ಚೀಟಿಗಳು ನಿರಾಶಾದಾಯಕ, ಆದರೆ ಹೊರಗಿನ ಧಾನ್ಯವನ್ನು ಒಲೆಗೇರಿಸದ ನಿಷೇಧದ ಬಗೆಗಿನ ಗಮನಿಕೆ ಅಮೂಲ್ಯವಾದದ್ದು, ಅದನ್ನು ಸೊರಬದಲ್ಲೂ ಪರೀಕ್ಷಿಸಿ ವಿಸ್ತಾರವಾಗಿ ಬರೆಯತಕ್ಕದ್ದು, ಯೋಜನೆಯ ಮೊದಲ ಸಂಪುಟದ ಪೀಠಿಕೆಯಲ್ಲಿ ಸೇರಿಸುವ ಇಚ್ಛೆಯಿದೆ. ಮೂರು ವರ್ಷದ ನನ್ನ ಶ್ರಮದಲ್ಲಿ ಅವರು ಅಮೂಲ್ಯ ಎಂಬ ಪದವನ್ನು ಬಳಸಿದ್ದು ಅದೊಂದೇ ಬಾರಿ.

ಎರಡು ದಿನ ಹೊಯ್ದಾಡಿ, ನಾಲ್ಕನೆಯ ದಿನ ಬೆಳಿಗ್ಗೆ ಹೊರಟುಬಿಡುವುದೆಂದು ನಿಶ್ಚಯಿಸಿದೆ. ಮಧ್ಯಾಹ್ನದ ಬಸ್ಸಿಗೆ ಮುಂಚೆ ಊಟ ಮುಗಿಸಲು ಖಾನಾವಳಿಗೆ ಹೋದೆ. ಅದನ್ನು ನಡೆಸುತ್ತಿದ್ದವರು ಚಂದ್ರಗುತ್ತಿಯ ಕಡೆಯ ಹೆಂಗಸು, ಐವತ್ತು ದಾಟಿದವರು. ತಮ್ಮ ಮನೆಯ ಜಗಲಿಯಲ್ಲೇ ಮಣೆ ಹಾಕಿ ಎಲೆ ಬಡಿಸುತ್ತಿದ್ದರು. ಅಲ್ಲಿ ಫ್ಯಾಮಿಲಿ ರೂಮು ಎಂಬುದಿರಲಿಲ್ಲ; ಕಂದಾಯ ಕಟ್ಟಲು ಬಂದ ರೈತರ ಸಾಲಿನ ಕೊನೆಯಲ್ಲಿ ನನಗೊಂದು ಮಣೆ. ಅವರು ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ಶಿಕಾರಿಪುರದಲ್ಲಿ ಅವಮಾನವಾಯಿತೆಂಬ ಹಟದಿಂದ ಅವರಲ್ಲಿ ಸರಿಯ ಮಾತನ್ನೇ ನಾನು ಎತ್ತಿರಲಿಲ್ಲ. ಡಬ್ಬಿಯನ್ನು ಮಾತ್ರ ಸಾಮಾನಿನ ಜೊತೆ ತಂದು ಜಗಲಿಯ ತುದಿಯಲ್ಲಿಟ್ಟಿದ್ದೆ.

ಊಟದವರೆಲ್ಲ ಎದ್ದು ಹೋಗಿದ್ದರು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಹಿಂದಿರುಗುವುದೇ ಆದರೆ ಖಾಲಿ ಕೈಯಲ್ಲಿ ಹೋಗಬಾರದೆಂದು, ಪ್ರಶ್ನಾವಳಿಯ ಕೊನೆಯ ಭಾಗವನ್ನು ತೆರೆದೆ. ಹಸುಗೂಸಿನ ಆರೈಕೆ. ಶಿಕಾರಿಪುರದಲ್ಲಿ ಆ ಭಾಗವನ್ನು ನಾನು ಕೇಳಿರಲೇ ಇಲ್ಲ. ಎಂಟು ತಿಂಗಳಿನಿಂದ ಆ ಪದಗಳ ನಡುವೆಯೇ ಬದುಕುತ್ತಿದ್ದೇನೆ, ಕೊನೆಯಲ್ಲಿ ನೋಡಿಕೊಂಡರಾಯಿತು ಎಂದು ಅದನ್ನು ಮುಂದೂಡಿದ್ದೆ. ತೊಟ್ಟಿಲು, ಕುಲಾವಿ, ಹಾಲು ಕುಡಿಸುವ ಒಳಲೆ, ದೃಷ್ಟಿಬೊಟ್ಟು ಎಲ್ಲ ಮುಗಿದವು. ಮುಂದಿನ ಪ್ರಶ್ನೆಯನ್ನು ನಿಯಮದಂತೆ, ಪದ ಹೇಳದೆ, ಬರಿಯ ವರ್ಣನೆಯಾಗಿ ಓದಿದೆ. ಅನ್ನ ಹಿಡಿಯದ ಕೂಸಿಗೆ, ರಾಗಿಯನ್ನು ನೀರಿನಲ್ಲೋ ಹಾಲಿನಲ್ಲೋ ಕದಡಿ, ಒಲೆಯ ಮೇಲೆ ತಿರುವಿ, ಆರಿಸಿ ತಿನ್ನಿಸುವ ಆಹಾರಕ್ಕೆ ನಿಮ್ಮಲ್ಲಿ ಏನು ಹೇಳುತ್ತೀರಿ?

ಅವರು ಎಲೆ ತೆಗೆಯುತ್ತಿದ್ದವರು ನಿಂತರು. “ಅದಾ? ಅದು ಮಣ್ಣಿ ಅಲ್ದಾ ತಂಗಿ?”

ಮಣ್ಣಿ ಎಂದು ಬರೆದುಕೊಂಡೆ. ಣ ದ್ವಿತ್ವವೆಂದು ಗುರುತು ಹಾಕಿದೆ. ಬೇರೆ ಹೆಸರೇನಾದರೂ ಉಂಟೇ ಎಂದು ನಿಯಮದಂತೆಯೇ ಕೇಳಿದೆ.

“ಬ್ಯಾರೆ ಎಂತಾ ಹೆಸ್ರು? ಮಣ್ಣಿ ಅಂದ್ರೆ ಮಣ್ಣಿ. ನಿಮ್ಮ ಕಡೆ ಎಂತ ಅಂತ್ರಿ?”

ಪ್ರಶ್ನೆ ಮುಗಿದಿದ್ದುದರಿಂದ ಹೇಳುವುದರಲ್ಲಿ ತಪ್ಪಿರಲಿಲ್ಲ. “ನಮ್ಮ ಕಡೆ ಸರಿ ಅನ್ನುತ್ತೇವೆ.”

“ಸರಿ?”

“ಸರಿ.”

“ಸರಿ ಅಂದ್ರೆ ಹೂಂ ಅಂದಂಗಾತು. ಹೂಂ ಅನ್ನೋದನ್ನ ಕೂಸಿಗೆ ಹೆಂಗ್ ತಿನ್ಸ್ತೀರೇ ಮಾರಾಯ್ತಿ?” ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಕ್ಕರು.

ನನಗೆ ನಗಲಾಗಲಿಲ್ಲ. ಮೊದಲ ದಿನದ ‘ಸರಿ ರೀ’, ಎರಡನೆಯ ಸಲದ ‘ಎಲ್ಲಾ ಸರಿ ಐತ್ರೀ’, ಸಮವಾಗಿ ಬಡಿದ ಮುಚ್ಚಳ, ಎಲ್ಲವೂ ಒಂದರ ಹಿಂದೊಂದು ತಮ್ಮ ತಮ್ಮ ಅರ್ಥದೊಡನೆ ಬಂದು ಕುಳಿತವು. ಆ ಮನುಷ್ಯ ನನ್ನನ್ನು ಅಣಕಿಸಿರಲಿಲ್ಲ. ನಾನು ಹೇಳಿದ್ದನ್ನು ಅಕ್ಷರಶಃ ಮಾಡಿಕೊಟ್ಟಿದ್ದ. ಕುಂಟೆ ನೊಗಗಳ ಮುಂದೆ ಒಂದು ಬಾರಿಯೂ ತಪ್ಪದೆ ಪಾಲಿಸಿದ ನಿಯಮವನ್ನು, ಹಸಿದ ಮಗುವಿನ ಮುಂದೆ ಮಾತ್ರ ನಾನು ಮುರಿದಿದ್ದೆ: ಪದವನ್ನು ಮೊದಲು ನಾನೇ ಹೇಳಿದ್ದೆ.

ಖಾನಾವಳಿಯ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಗು ನಿಂತಿತು. ಎಷ್ಟು ದಿನವಾಯಿತು ಎಂದು ಕೇಳಿದರು. ಮೈಸೂರು ಬಿಟ್ಟಂದಿನಿಂದ ಎಂದೆ. ಎದ್ದು ಹೋಗಿ ಡಬ್ಬಿಯನ್ನು ತಂದು, ಮುಚ್ಚಳ ತೆಗೆದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು.

“ಇಷ್ಟು ಚಂದ ಹಿಟ್ಟು ಬಗಲಲ್ಲಿಟ್ಕಂಡು ಕೂಸನ್ನ ಹಸ್ವಿಗೆ ಹಾಕ್ದೆ ಅಲ್ಲೇ ತಂಗಿ. ಓದಿದ್ದೋಳು ಬ್ಯಾರೆ.”

ಡಬ್ಬಿಯನ್ನು ಹಿಡಿದುಕೊಂಡೇ ಒಲೆಯ ಕಡೆ ನಡೆದರು.

ಮಣ್ಣಿ ಕುದಿದು, ಆರಿ, ಬಟ್ಟಲಿಗೆ ಬರುವ ಹೊತ್ತಿಗೆ ಬಸ್ಸು ಬಂದ ಸದ್ದು ಕೇಳಿಸಿತು. ಮಗಳು ಮೊದಲ ಬೆರಳನ್ನು ಎಂದಿನಂತೆ ಉಗುಳಿದಳು. ಎರಡನೆಯದನ್ನೂ ಉಗುಳಿದಳು. ನಾನು ತಿನ್ನಿಸುತ್ತಿದ್ದ ರೀತಿಯನ್ನು ನೋಡಲಾರದೆ ಆ ಅಮ್ಮ ಮಗುವನ್ನು ಕಿತ್ತುಕೊಂಡು ತಮ್ಮ ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡರು. ಬಟ್ಟಲು ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ಡೈರಿಯಲ್ಲಿಲ್ಲ. ಬಸ್ಸು ಹೊರಟಾಗ ಅರ್ಧ ಉಳಿದಿತ್ತು; ಅಷ್ಟು ನೆನಪಿದೆ.

ಆ ಮಧ್ಯಾಹ್ನ ಜಗಲಿಯಲ್ಲೇ ಕುಳಿತು ಮೇಲ್ವಿಚಾರಕರಿಗೆ ಕಾಗದ ಬರೆದೆ. ಮೊದಲ ಕರಡಿನಲ್ಲಿ, ಹೆಚ್ಚಿನ ವಿಚಾರಣೆಯಿಂದ ನಿಷೇಧದ ಗಮನಿಕೆ ದೃಢಪಡಲಿಲ್ಲ, ಆದ್ದರಿಂದ ಕೈಬಿಡಬಹುದು ಎಂದಿತ್ತು. ಅದು ಸುಳ್ಳಲ್ಲ, ನಿಜವೂ ಅಲ್ಲ. ಅಷ್ಟೇ ಬರೆದಿದ್ದರೆ ಅವರು ಪುರಾವೆ ಕೇಳುತ್ತಿದ್ದರು. ಕೇಳದೆ ಹಳೆಯ ಗಮನಿಕೆಯನ್ನೇ ಉಳಿಸಿಕೊಂಡಿದ್ದರೆ ಆ ಸಾಲು ಪೀಠಿಕೆಯಲ್ಲಿ ಅಚ್ಚಾಗಿ, ಯಾವ ಪಾಪವನ್ನೂ ಮಾಡದ ಒಂದು ಊರಿನ ಅಡಿಗೆಮನೆಗಳ ಮೇಲೆ ಶಾಶ್ವತವಾಗಿ ಕುಳಿತುಬಿಡುತ್ತಿತ್ತು. ಗಮನಿಕೆ ಹೇಗೆ ಹುಟ್ಟಿತೆಂದು ಹೇಳಬೇಕಾದರೆ ಮಗುವನ್ನು ಹೇಳಬೇಕು. ಮಗುವನ್ನು ಹೇಳಿದರೆ ನೇಮಕ ಹೋಗಬಹುದು. ಕರಡನ್ನು ಹರಿದು, ಎಲ್ಲವನ್ನೂ ಬರೆದೆ: ಆಯಾ, ಉಗ್ರಾಣ, ಡಬ್ಬಿ, ಮುಚ್ಚಳ, ನನ್ನ ಕೂಗಾಟ, ಕೊನೆಗೆ ಮಣ್ಣಿ. ಇಂಥ ನಿಷೇಧ ಅಲ್ಲಿ ಇಲ್ಲ, ಪ್ರಶ್ನೆ ಕೇಳಿದವಳದೇ ತಪ್ಪು. ಮಗು ನನ್ನ ಜೊತೆಯಲ್ಲಿದೆ, ನಿಯಮವನ್ನು ಬಲ್ಲೆ, ಕೆಲಸ ಮುಗಿಯುವವರೆಗೆ ಅದನ್ನು ಕಳಿಸಲಾರೆ. ಶಿಕಾರಿಪುರದ ಹೋಟೆಲಿಗೂ ಕ್ಷಮೆ ಕೇಳಿ ಒಂದು ಕಾರ್ಡು ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಉತ್ತರಕ್ಕೆ ಕಾಯುತ್ತ ಕೆಲಸದ ಕ್ರಮವನ್ನೇ ಬದಲಿಸಿದೆ. ಹಳ್ಳಿ ಹಳ್ಳಿಗೆ ಬಿಸಿಲಲ್ಲಿ ಮಗುವನ್ನು ಹೊತ್ತು ಅಲೆಯುವ ಬದಲು, ತಾಲ್ಲೂಕು ಕಚೇರಿಗೆ ಪಹಣಿ, ಕಂದಾಯವೆಂದು ಬರುವವರು ಊಟಕ್ಕೆ ಕೂರುವ ಜಗಲಿಯಲ್ಲೇ ನಾನೂ ಕುಳಿತೆ. ಹೊಸಬಾಳೆ ಹಳ್ಳಿಯವರು ಉಂಡು ಕೈತೊಳೆದು ಅಡಿಕೆ ಜಗಿಯುವಷ್ಟರಲ್ಲಿ ನೇಗಿಲಿನ ಭಾಗಗಳು ಮುಗಿಯುತ್ತಿದ್ದವು. ಕೂಸಿನ ಕಿರುಚಾಟ ಮೊದಲಿನಷ್ಟೇ ಇತ್ತು. ಎಲೆಗಳ ಮೇಲೆ ಅಂಬೆಗಾಲಿಟ್ಟು ಒಬ್ಬರ ಅನ್ನದಲ್ಲಿ ಕೈಯಿಟ್ಟಳು, ಇನ್ನೊಬ್ಬರ ರುಮಾಲನ್ನು ಸಾರಿನಲ್ಲಿ ಅದ್ದಿದಳು. ನನ್ನ ಕೈಯಿಂದ ಒಂದು ತುತ್ತೂ ತಿನ್ನದೆ ಆ ಅಮ್ಮನ ಕಾಲ ಮೇಲೆ ಮಾತ್ರ ಬಾಯಿ ತೆರೆಯುತ್ತಿದ್ದಳು. 

ಹತ್ತನೆಯ ದಿನ ಆಸ್ಪತ್ರೆಯ ತಕ್ಕಡಿಯಲ್ಲಿ ಮಲಗಿಸಿದರು. ಕಾಂಪೌಂಡರು ಶಿಕಾರಿಪುರದ ತೂಕದ ಚೀಟಿಯೊಡನೆ ತಾಳೆ ನೋಡಿ, ಒಂದು ಸಲ ತೂಗಿದ್ದು ಸಾಲದೆಂದು ಎರಡನೆಯ ಸಲ ತೂಗಿ, ಇಳಿದಿಲ್ಲ ಎಂದರು. ಏರಿದೆಯೇ ಎಂದು ಕೇಳಿದೆ. ಇಳಿದಿಲ್ಲ ಎಂದೇ ಮತ್ತೆ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು.

ಮೇಲ್ವಿಚಾರಕರ ಉತ್ತರ ಅದರ ಮೂರನೆಯ ದಿನಕ್ಕೆ ಬಂತು. ತೆರೆಯುವ ಮುನ್ನ ಮಗುವನ್ನು ಆ ಅಮ್ಮನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕುಳಿತೆ. ಒಟ್ಟು ಎರಡು ವಾಕ್ಯಗಳಿದ್ದವು. ನಿಷೇಧದ ಗಮನಿಕೆಯನ್ನು ತೆಗೆದುಹಾಕಲಾಗಿದೆ. ‘ಮಣ್ಣಿ’ ಎಂಬ ಪದಕ್ಕೆ ಒಬ್ಬರ ಹೇಳಿಕೆ ಮಾತ್ರ ಇರುವುದರಿಂದ, ಎರಡನೆಯ ಹೇಳಿಕೆ ದೊರೆಯದೆ ಅದನ್ನು ಸ್ವೀಕರಿಸಲಾಗದು. ಮಗುವಿನ ಬಗ್ಗೆ, ನಿಯಮದ ಬಗ್ಗೆ, ನನ್ನ ನೇಮಕದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಸಿಟ್ಟು ಬಂತು. ಮೂರು ಹಾಳೆ ತುಂಬ ಬರೆದು ತಲೆಯೊಡ್ಡಿದವಳಿಗೆ ಆ ಮಹಾನುಭಾವರು ಕೊಟ್ಟದ್ದು ಇನ್ನೊಂದು ಪ್ರಶ್ನೆ. ಕೆಲಸದಿಂದ ತೆಗೆಯಬೇಕೆಂದಿರುವವಳಿಗೆ ಯಾರೂ ಎರಡನೆಯ ಹೇಳಿಕೆ ತಾ ಎಂದು ಬರೆಯುವುದಿಲ್ಲವೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಬೆಳಿಗ್ಗೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಕುಪ್ಪಗಡ್ಡೆ ಎಂಬ ಹಳ್ಳಿಗೆ ಹೋದೆ. ಖಾನಾವಳಿಯ ಅಮ್ಮನಿಗೆ ಪರಿಚಯವೂ ನೆಂಟಸ್ತಿಕೆಯೂ ಇಲ್ಲದ ಮನೆಯನ್ನೇ ಕೇಳಿಕೊಂಡು ಹುಡುಕಿದೆ. ಒಬ್ಬ ಗೃಹಿಣಿ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ಚೀಟಿ ತೆಗೆದು, ಪದವನ್ನು ಹಲ್ಲುಗಳ ನಡುವೆ ಬಿಗಿಹಿಡಿದು, ವರ್ಣನೆಯನ್ನು ಆರಂಭಿಸಿದೆ. ಅನ್ನ ಹಿಡಿಯದ ಕೂಸಿಗೆ, ರಾಗಿಯನ್ನು ನೀರಿನಲ್ಲೋ ಹಾಲಿನಲ್ಲೋ ಕದಡಿ, ಎನ್ನುವಷ್ಟರಲ್ಲಿ ಮಗು ಅಳತೊಡಗಿತು.

ಆಕೆ ನನ್ನ ಪ್ರಶ್ನೆ ಮುಗಿಯಲು ಕಾಯಲಿಲ್ಲ. ಹಸಿದೈತೆ ಕೂಸು, ಕುತ್ಕಳ್ರಿ, ಒಂಚೂರು ಮಣ್ಣಿ ತಿರುವ್ಕ ಬರ್ತೆ ಎಂದು ಒಳಗೆ ಹೋದರು.

ನಾನು ಜಗಲಿಯ ಮೇಲೆ ಕುಳಿತು, ಎಡಗಡೆ ಕಸುಬು ಮತ್ತು ವಯಸ್ಸು, ಬಲಗಡೆ ಊರು ಮತ್ತು ದಿನ ಬರೆದೆ.